ಮಜ್ಜಿಗೆಯಲ್ಲಿ ಕರಗಿದ ಗುಳಿಗೆ

ಮೂವತ್ತೊಂದು ವರ್ಷ ನಾನು ಕುರಿ, ದನ, ಎಮ್ಮೆಗಳಿಗೆ ಸೂಜಿ ಹಾಕಿಕೊಂಡು ಬದುಕಿದವನು. ಪಶುಪಾಲನಾ ಇಲಾಖೆಯಲ್ಲಿ ಪರೀಕ್ಷಕನಾಗಿದ್ದೆ. ಡಾಕ್ಟರ್ ಆಗಿರಲಿಲ್ಲ. ಆದರೆ ಗುಡೇಕೋಟೆಯ ಸುತ್ತಮುತ್ತ ಕೆಲಸ ಮಾಡಿದ ಹದಿನಾಲ್ಕು ವರ್ಷ ಕುರಿಗಾರರೆಲ್ಲ ನನ್ನನ್ನು ‘ದನದ ಡಾಕ್ಟ್ರು’ ಎಂದೇ ಕರೆದರು, ನಾನೂ ಬೇಡ ಅನ್ನಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಔಷಧಿಯ ವಿಷಯದಲ್ಲಿ ಅರ್ಧ ತಿಳಿದವನಿಗೆ ಇರುವ ಭಯ ಏನೂ ತಿಳಿಯದವನಿಗೆ ಇರುವುದಿಲ್ಲ. ನನ್ನ ಕಾಯಿಲೆಯ ಕಥೆಯಲ್ಲಿ ಹೆಚ್ಚಿನ ಪಾಲು ಆ ಭಯದ್ದೇ.

ನಿವೃತ್ತಿಯಾಗಿ ಕೊಟ್ಟೂರಿನ ಸ್ವಂತ ಮನೆಗೆ ಬಂದು ಎರಡು ವರ್ಷವಾಗಿತ್ತು. ಬೆನ್ನು ನೋಯತೊಡಗಿತು. ಕಲ್ಲುದಾರಿಯಲ್ಲಿ ಮೋಟರ್‌ಸೈಕಲ್ ಓಡಿಸಿ ಸವೆದ ಬೆನ್ನು ಎಂದುಕೊಂಡೆ. ಎಣ್ಣೆ ತಿಕ್ಕಿಸಿದೆ, ಬಿಸಿನೀರು ಹಾಕಿಸಿಕೊಂಡೆ, ಪಟ್ಟಿ ಕಟ್ಟಿದೆ. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಹೆಂಡತಿ ಕೊಟ್ರಮ್ಮ ಬಂದು ಕೊಡವನ್ನು ಕೈಯಿಂದ ಬಿಡಿಸಿ, ಗೋಡೆಗೆ ಒರಗಿಸಿ ಕೂಡಿಸಿದಳು. ಊರಿನ ಡಾಕ್ಟರು ರಕ್ತಪರೀಕ್ಷೆ ಬರೆದರು. ಅದರ ಫಲಿತಾಂಶ ನೋಡಿ ಹೆಚ್ಚು ಮಾತಾಡದೆ ದಾವಣಗೆರೆಗೆ ಚೀಟಿ ಕೊಟ್ಟರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಕಾಯುವುದನ್ನು ಕಲಿತೆ. ನೋವಿದ್ದವನಿಗೆ ಆ ಕುರ್ಚಿಯಲ್ಲಿ ಕೂಡುವುದೂ ಆಗದು, ಎದ್ದರೆ ಜಾಗ ಹೋಗುತ್ತದೆ. ಒಂದು ತೊಡೆಯ ಮೇಲೆ ಭಾರ ಹಾಕಿ ಕೂತು, ಅದು ಮರಗಟ್ಟಿದ ಮೇಲೆ ಇನ್ನೊಂದರ ಮೇಲೆ ವಾಲುತ್ತಿದ್ದೆ. ಮೂರನೆಯ ಸಲ ಹೋದಾಗ ಎಳೆಯ ವಯಸ್ಸಿನ ಡಾಕ್ಟರು ಕಾಗದಗಳಿಂದ ತಲೆ ಎತ್ತಿ, “ಜೊತೆಗೆ ಯಾರು ಬಂದಿದ್ದಾರೆ?” ಎಂದು ಕೇಳಿದರು. ನನಗೆ ಅಲ್ಲಿಗೇ ತಿಳಿಯಿತು. ಉಳಿಯದ ಎಮ್ಮೆಯನ್ನು ನೋಡಿ ಆದ ಮೇಲೆ ನಾನೂ ಹೀಗೆಯೇ, “ಇದರ ಮಾಲಕರು ಯಾರಪಾ?” ಎಂದು ಕೇಳುತ್ತಿದ್ದೆ.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ಬೆನ್ನುಮೂಳೆಗೂ ಸೊಂಟದ ಎಲುಬಿಗೂ ಹಬ್ಬಿತ್ತು. ಪೂರ್ತಿ ತೆಗೆದುಹಾಕಲು ಆಗುವುದಿಲ್ಲ, ಆದರೆ ಹಿಡಿದು ನಿಲ್ಲಿಸಬಹುದು, ಮೂರು ತಿಂಗಳಿಗೊಂದು ಇಂಜೆಕ್ಷನ್, ದಿನಾ ಮಾತ್ರೆ ಎಂದರು. ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದಳು:

“ಊಟಕ್ಕ ಏನು ಹಾಕಬೇಕ್ರಿ ಸರ್ ಇವರಿಗೆ?”

ಆಗ ನನಗೆ ಸಿಟ್ಟು ಬಂದಿತ್ತು. ಗಂಡನಿಗೆ ಕ್ಯಾನ್ಸರ್ ಎಂದರೆ ಊಟದ ಮಾತೇ? ಈಗ ಯೋಚಿಸಿದರೆ, ಆ ಕೋಣೆಯಲ್ಲಿ ತನ್ನ ಕೈಯಲ್ಲಿ ಆಗುವ ಕೆಲಸ ಯಾವುದು ಎಂದು ಹುಡುಕಿದವಳು ಅವಳೊಬ್ಬಳೇ.

ಇಂಜೆಕ್ಷನ್ ಶುರುವಾಯಿತು. ಆದರೆ ನೋವು ಅದಕ್ಕೆ ಕಾಯಲಿಲ್ಲ. ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ತೊಡೆಗೆ ಇಳಿಯಿತು. ಕೆಮ್ಮಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಸಾಮಾನ್ಯ ನೋವಿನ ಮಾತ್ರೆಗಳು ಒಂದು ತಾಸು ಸಹ ನಿಲ್ಲುತ್ತಿರಲಿಲ್ಲ. ಬೆನ್ನಿಗೆ ರೇಡಿಯೇಶನ್, ನಮ್ಮ ಕಡೆಯವರು ಹೇಳುವಂತೆ ‘ಕರೆಂಟ್’, ಕೊಟ್ಟರೆ ನೋವು ಇಳಿಯುತ್ತದೆ, ಅಲ್ಲಿಯತನಕ ತಡೆಯಲು ಬೇರೆ ಔಷಧಿ ಬೇಕು ಎಂದು ಅದೇ ಆಸ್ಪತ್ರೆಯ ನೋವಿನ ವಿಭಾಗಕ್ಕೆ ಕಳುಹಿಸಿದರು. ಅಲ್ಲಿದ್ದವರು ನಲವತ್ತರ ಆಸುಪಾಸಿನ ಡಾಕ್ಟರಮ್ಮ. ಮಾರ್ಫಿನ್ ಗುಳಿಗೆ ಬರೆದರು. ಅರ್ಧ ಗುಳಿಗೆಯಿಂದ ಶುರು, ದಿನಕ್ಕೆ ನಾಲ್ಕು ಸಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ಬೇರೆ ಔಷಧಿ ತಪ್ಪಿಸಬಾರದು, ಮೊದಲ ದಿನಗಳಲ್ಲಿ ಮಂಪರು ಬರುತ್ತದೆ ಎಂದೆಲ್ಲ ಕೊಟ್ರಮ್ಮನಿಗೆ ಬಿಡಿಸಿ ಹೇಳಿದರು. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟರು.

ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಇಳಿದೆವು. ನನ್ನ ಅಕ್ಕನ ಮಗ ಮಂಜುನಾಥ ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯ ಹುಡುಗ. ಗುಳಿಗೆಯ ಹೆಸರು ನೋಡುತ್ತಲೇ ಅವನ ಮುಖ ಇಳಿಯಿತು.

“ಮಾಮ, ಇದನ್ನ ತಗಬ್ಯಾಡ್ರಿ.”

“ಯಾಕಪಾ? ಚಟ ಆಗತೈತಿ ಅಂತೇನು?”

“ಅದಲ್ಲ ಮಾಮ. ಇದು ಗಡ್ಡಿ ಬೆಳೆಸ್ತತಂತೆ. ಇಲಿ ಮ್ಯಾಲೆ ಪ್ರಯೋಗ ಮಾಡ್ಯಾರೆ. ನನ್ನ ಮೊಬೈಲ್‌ನಾಗ ಬಂದೈತೆ, ನೋಡ್ರಿ.”

ಓದಿದೆ. ಇಂಥ ನೋವಿನ ಔಷಧಿಗಳು ಗಡ್ಡೆಗೆ ಹೊಸ ರಕ್ತನಾಳ ಹುಟ್ಟಿಸುತ್ತವೆ, ದೇಹದ ಕಾವಲು ಶಕ್ತಿಯನ್ನು ಕುಗ್ಗಿಸುತ್ತವೆ ಎಂದು ಅದರಲ್ಲಿತ್ತು. ಬೇರೆಯವರಾಗಿದ್ದರೆ ಮೊಬೈಲಿನ ಸುದ್ದಿ ಎಂದು ಬಿಡುತ್ತಿದ್ದರೇನೋ. ನನಗೆ ಅದರ ಪ್ರತಿ ಪದವೂ ಅರ್ಥವಾಯಿತು. ಇಲಿಗೆ ಆದದ್ದು ಮನುಷ್ಯನಿಗೆ ಏಕೆ ಆಗಬಾರದು? ಮನೆಗೆ ಬಂದು ಗುಳಿಗೆಯ ಪೊಟ್ಟಣವನ್ನು ಅಲ್ಮೇರಾದ ಮೇಲೆ ಎಸೆದೆ. “ಇದನ್ನ ಮುಟ್ಟಬ್ಯಾಡ. ನೋವು ಇದ್ದರ ಇರಲಿ, ನೋವಿನಿಂದ ಯಾರೂ ಸಾಯಂಗಿಲ್ಲ,” ಎಂದೆ.

ಒಂದು ತಿಂಗಳು ಹಾಗೇ ಕಳೆದೆ. ಏನನ್ನೂ ಜಯಿಸುತ್ತಿರಲಿಲ್ಲ, ಕುಗ್ಗುತ್ತಿದ್ದೆ. ಊಟ ಒಳಗೆ ಇಳಿಯುತ್ತಿರಲಿಲ್ಲ. ಬಚ್ಚಲಿಗೆ ಹೋಗಿಬರುವುದು ಒಂದು ಪ್ರಯಾಣವಾಗಿತ್ತು. ಹಗರಿಬೊಮ್ಮನಹಳ್ಳಿಯಿಂದ ಮಗಳು ಸುಮಾ ಬಂದು, ಹಾಸಿಗೆಯ ತುದಿಯಲ್ಲಿ ಕೂತಾಗ ಹಾಸಿಗೆ ಅಲುಗಿತೆಂದು ಅವಳ ಮೇಲೆ ರೇಗಿದೆ. ಅವಳು ಅಡುಗೆಮನೆಗೆ ಹೋಗಿ ಅತ್ತದ್ದು ಕೇಳಿಸಿತು. ಕೂಗಬಾರದೆಂದು ಟವೆಲ್ಲಿನ ಮೂಲೆ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ರೇಡಿಯೇಶನ್ನಿಗೆ ಅಳತೆ ತೆಗೆಯಲು ಕರೆದರು. ಗಟ್ಟಿ ಮೇಜಿನ ಮೇಲೆ ಅಂಗಾತ, ಅಲುಗಾಡದೆ ಮಲಗಬೇಕು. ಮಲಗಿದೆ. ಎರಡು ನಿಮಿಷಕ್ಕೆ ಮೈಯೆಲ್ಲ ಬೆವರಿ ಕಾಲು ತಾನಾಗಿ ಮಡಚಿಕೊಂಡಿತು. ಮತ್ತೆ ಮಲಗಿಸಿದರು. ಮತ್ತೆ ಹಾಗೇ. “ಮಾರ್ಫಿನ್ ತಗೊಂಡಿಲ್ವಾ? ನೋವು ಹತೋಟಿಗೆ ಬರದೆ ಇದನ್ನು ಮಾಡೋಕಾಗಲ್ಲ. ಮುಂದಿನ ವಾರ ಬನ್ನಿ,” ಎಂದು ಕಳುಹಿಸಿದರು. ಬಸ್ಸಿನಲ್ಲಿ ಕೊಟ್ರಮ್ಮ ಕಿಟಕಿಯ ಆಚೆ ನೋಡುತ್ತ ಬಂದಳು.

ಮಾರನೆಯ ದಿನ ಮಧ್ಯಾಹ್ನ ಮಜ್ಜಿಗೆ ಕೊಟ್ಟಳು. ಶುಂಠಿ, ಹಸಿಮೆಣಸಿನಕಾಯಿ, ಇಂಗು, ಎಲ್ಲ ಜೋರಾಗಿತ್ತು. ಕೊನೆಯಲ್ಲಿ ನಾಲಿಗೆಗೆ ಕಹಿ ಹತ್ತಿತು.

“ಕಹಿ ಆಗೈತಲ್ಲ?”

“ಮೆಂತ್ಯದ ಪುಡಿ ಹಾಕೀನ್ರಿ. ಬ್ಯಾನಿಗೆ ಚಲೋ ಅಂತ.”

ಆ ಮಧ್ಯಾಹ್ನ ಎರಡು ತಾಸು ನಿದ್ದೆ ಮಾಡಿದೆ. ಎದ್ದಾಗ ಕೊಟ್ರಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದಳು. ನೋವು ಅಲ್ಲೇ ಇತ್ತು, ಆದರೆ ಪಕ್ಕದ ಮನೆಗೆ ಹೋದ ಹಾಗಿತ್ತು. ಮಾರನೆಯ ದಿನ ಒಂದೂವರೆ ರೊಟ್ಟಿ ತಿಂದೆ. ಮೂರನೆಯ ದಿನ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಕೂತೆ. ಸುಮಾಗೆ ಫೋನು ಮಾಡಿ, “ನೋಡವಾ, ನಿಮ್ಮಪ್ಪ ಗುಳಿಗಿ ಇಲ್ದ ತಡಕೊಂಡ,” ಎಂದು ಹೇಳಿದೆ. ಸ್ವರದಲ್ಲಿ ಜಂಬವಿತ್ತು. ಇಂಜೆಕ್ಷನ್ ಹಿಡಿಯಿತು, ನನ್ನ ಗಟ್ಟಿತನವೂ ಸೇರಿತು ಎಂದು ನಂಬಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ, ಎಷ್ಟೋ ದಿನದ ಮೇಲೆ ಗಡ್ಡ ಮಾಡಿಕೊಳ್ಳೋಣ ಅನ್ನಿಸಿತು. ಮೂರು ದಿನದಿಂದ ಮಲ ಬಂದಿರಲಿಲ್ಲ. ಮೂಗಿನ ತುದಿ ತುರಿಸುತ್ತಿತ್ತು. ಅವೆರಡನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕನ್ನಡಿಯನ್ನು ಕಿಟಕಿಯ ಹತ್ತಿರ ಹಿಡಿದು, ಕೆನ್ನೆಗೆ ನೊರೆ ಹಚ್ಚುವಾಗ ನನ್ನ ಕಣ್ಣು ಕಂಡಿತು. ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಕನ್ನಡಿಯನ್ನು ನೆರಳಿಗೆ ತಂದೆ. ಕತ್ತಲಿಗೆ ಪಾಪೆ ಅರಳಬೇಕು, ಅರಳಲಿಲ್ಲ. ಅಫೀಮಿನ ಜಾತಿಯ ಔಷಧಿ ಮನುಷ್ಯನ ಕಣ್ಣಿಗೆ ಹೀಗೆ ಮಾಡುತ್ತದೆಂದು ಎಂದೋ ಓದಿದ್ದು ನೆನಪಾಯಿತು.

ನೊರೆ ಹಚ್ಚಿದ ಮುಖದಲ್ಲೇ ಅಡುಗೆಮನೆಯ ಬಾಗಿಲಿಗೆ ಹೋದೆ.

“ಮಜ್ಜಿಗಿಯೊಳಗ ಏನ್ ಹಾಕೀದಿ?”

“ಮೆಂತ್ಯ.”

“ಕೊಟ್ರಮ್ಮ, ನಾನು ಜೀವನಪೂರ್ತಿ ದನಕ್ಕ ಔಷಧ ಕುಡಿಸಿದಾಂವ. ಮೆಂತ್ಯಕ್ಕ ಕಣ್ಣಪಾಪಿ ಸಣ್ಣ ಆಗಂಗಿಲ್ಲ.”

ಅವಳು ಹಿಟ್ಟಿನ ಕೈಯನ್ನು ಪರಾತದ ಅಂಚಿಗೆ ಒರೆಸಿದಳು. ತಿರುಗಿ ನೋಡಲಿಲ್ಲ.

“ಅರ್ಧ ಗುಳಿಗಿ,” ಎಂದಳು. “ದಿನಕ್ಕ ಮೂರು ಸಲ. ಮುಂಜಾನಿ ಗಂಜಿಯೊಳಗ, ಮಧ್ಯಾಹ್ನ ಮಜ್ಜಿಗಿಯೊಳಗ, ಸಂಜಿಗೆ ಹಾಲಿನಾಗ. ಡಾಕ್ಟರಮ್ಮ ನಾಲ್ಕು ಸಲ ಅಂದಿದ್ರು. ನನಗ ಧೈರ್ಯ ಸಾಲಲಿಲ್ಲ.”

“ನಾನು ಬ್ಯಾಡ ಅಂದಿದ್ನಲ್ಲ?”

“ಅಂದಿದ್ರಿ. ಆ ಟವೆಲ್ಲು ಕಚ್ಚಿ ಕಚ್ಚಿ ತೂತು ಬಿದ್ದೈತಿ. ಅದನ್ನ ಒಗಿಯೋಳು ನಾನು.”

ಆಗ ನಾನು ಆಡಬಾರದ ಮಾತು ಆಡಿದೆ. “ನನ್ನ ಗಡ್ಡಿ ಬೆಳಿಲಿ ಅಂತ ನೀನೇ ನೀರು ಹಾಕಿದಿ,” ಎಂದೆ. ಬರೆಯುವಾಗ ಈ ಸಾಲನ್ನು ಬಿಟ್ಟುಬಿಡೋಣ ಅನ್ನಿಸಿತ್ತು. ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಎರಡು ದಿನ ಅವಳ ಕೈಯಿಂದ ಏನೂ ತೆಗೆದುಕೊಳ್ಳಲಿಲ್ಲ. ಕೊಡದಿಂದ ನಾನೇ ನೀರು ಬಗ್ಗಿಸಿಕೊಂಡೆ, ಬಾಳೆಹಣ್ಣನ್ನು ನಾನೇ ಸುಲಿದು ತಿಂದೆ. ನೋವು ಪಕ್ಕದ ಮನೆಯಿಂದ ವಾಪಸು ಬಂತು, ಹೋದಾಗಿದ್ದಕ್ಕಿಂತ ಜೋರಾಗಿ. ಕೊಟ್ರಮ್ಮ ಹೊತ್ತುಹೊತ್ತಿಗೆ ತಟ್ಟೆ ತಂದು ಇಡುತ್ತಿದ್ದಳು, ತಣ್ಣಗಾದ ಮೇಲೆ ಒಯ್ಯುತ್ತಿದ್ದಳು. ಅವಳೂ ಉಣ್ಣುತ್ತಿರಲಿಲ್ಲ ಎಂಬುದು ನನಗೆ ಮೂರನೆಯ ದಿನ ನೋವು ತಡೆಯಲಾರದೆ ದಾವಣಗೆರೆಗೆ ಹೊರಟಾಗ ಬಸ್ಸಿನಲ್ಲಿ, ಅವಳು ಹರಪನಹಳ್ಳಿ ದಾಟುವಷ್ಟರಲ್ಲಿ ತಲೆಸುತ್ತಿ ಮುಂದಿನ ಸೀಟಿಗೆ ಹಣೆ ಆನಿಸಿದಾಗ ಗೊತ್ತಾಯಿತು. ಚೀಲದಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಒಡೆದು ಕೊಟ್ಟೆ. ತಗೊಂಡಳು. ಎರಡು ನನ್ನ ಕಡೆಗೂ ಚಾಚಿದಳು. ತಗೊಂಡೆ.

ನೋವಿನ ವಿಭಾಗದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಕೊಟ್ರಮ್ಮ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

“ಅಮ್ಮ, ನೀವು ಮಾಡಿದ್ದು ತಪ್ಪು,” ಎಂದರು. ಗದರುವ ದನಿಯಲ್ಲ, ಆದರೆ ಸಡಿಲವೂ ಇರಲಿಲ್ಲ. “ಅವರಿಗೆ ಗೊತ್ತಿಲ್ಲದೆ ಇನ್ನೊಂದು ಮಾತ್ರೆ ತಗೊಂಡಿದ್ರೆ? ಮಂಪರು ಜಾಸ್ತಿಯಾಗಿ ಉಸಿರು ನಿಧಾನ ಆಗಿದ್ರೆ?”

“ಗೊತ್ತಿತ್ರಿ. ಅದಕ್ಕ ಪಕ್ಕದಾಗ ಕುಂತು ಉಸಿರು ಎಣಿಸ್ತಿದ್ದೆ.”

ನೆಲದ ಮೇಲೆ ಕೂತಿದ್ದ ಅವಳು ನನ್ನ ಕಣ್ಣಿಗೆ ಕಟ್ಟಿದಂತಾಯಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

“ನೀವು ಓದಿದ್ದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ ಹಾಗೆ ಕಂಡಿದೆ. ಕೆಲವು ಕಡೆ ಅದಕ್ಕೆ ಉಲ್ಟಾನೂ ಕಂಡಿದೆ. ಮನುಷ್ಯರಲ್ಲಿ ಹೌದು ಅಂತ ಸಾಬೀತಾಗಿಲ್ಲ. ಇಲ್ಲವೇ ಇಲ್ಲ ಅಂತ ನಾನು ಆಣೆ ಮಾಡೋಕೂ ಆಗಲ್ಲ.”

ನನಗೆ ಬೇಕಾದದ್ದು ಹೌದು ಅಥವಾ ಇಲ್ಲ. “ಹೆಚ್ಚು ಮಾರ್ಫಿನ್ ತಗೊಂಡೋರು ಬೇಗ ಸತ್ತಾರ ಅಂತಲೂ ಬರದಿತ್ತಲ್ರಿ, ಮೇಡಂ?” ಎಂದೆ.

“ನೀವು ಕುರಿಗಳನ್ನ ನೋಡಿದವರು. ಬಹಳ ಜಡ್ಡಾದ ಕುರಿಗೆ ಹೆಚ್ಚು ಸೂಜಿ ಹಾಕ್ತೀರಾ, ಚೆನ್ನಾಗಿರೋದಕ್ಕಾ?”

“ಜಡ್ಡಾಗಿದ್ದಕ್ಕ.”

“ಅದು ಸತ್ತರೆ?”

ನಾನು ನಕ್ಕುಬಿಟ್ಟೆ. ನೋವಿನಲ್ಲೂ ನಗು ಬಂತು. ಗುಡೇಕೋಟೆಯ ಕುರಿಗಾರರು ಎಷ್ಟು ಸಲ ನನ್ನ ಮೇಲೆ ಏರಿಬಂದಿದ್ದರು, “ನೀವು ಸೂಜಿ ಹಾಕಿದ ಮ್ಯಾಲೇ ಸತ್ತತಿ,” ಎಂದು. ಸಾಯುವ ಸ್ಥಿತಿಗೆ ಬಂದ ಮೇಲೆಯೇ ನೀವು ನನ್ನನ್ನು ಕರೆದದ್ದು ಎಂದು ಅವರಿಗೆ ತಿಳಿಸಿ ಹೇಳಲು ನನಗೆ ಸಾಕುಸಾಕಾಗುತ್ತಿತ್ತು.

“ನೋವು ಹೆಚ್ಚಿದ್ದವರು ಮಾರ್ಫಿನ್ ಹೆಚ್ಚು ತಗೋತಾರೆ. ಅವರ ಕಾಯಿಲೆಯೂ ಹೆಚ್ಚಿರುತ್ತೆ. ಅದರಲ್ಲಿ ಯಾವುದರಿಂದ ಏನಾಯ್ತು ಅಂತ ಬಿಡಿಸೋದು ಕಷ್ಟ. ಆದರೆ ನನ್ನ ಕಣ್ಣೆದುರು ಇರೋದು ಹೇಳ್ತೀನಿ. ನೀವು ಉಣ್ತಿಲ್ಲ, ನಡೀತಿಲ್ಲ. ನೋವಿಗೋಸ್ಕರ ಬೇಕಾದ ರೇಡಿಯೇಶನ್ ಮೇಜಿನ ಮೇಲೆ ಎರಡು ನಿಮಿಷ ಮಲಗೋಕಾಗ್ತಿಲ್ಲ. ಇದು ಇಲಿಯದ್ದಲ್ಲ, ನಿಮ್ಮದು. ತಗೊಳ್ಳೋದು ಬಿಡೋದು ನಿಮ್ಮ ಇಷ್ಟ. ಬೇಡ ಅಂದರೂ ನಾನು ನಿಮ್ಮನ್ನ ನೋಡ್ತೀನಿ.”

ಆ ಕೊನೆಯ ಮಾತು ನನ್ನನ್ನು ಸಡಿಲಗೊಳಿಸಿತು. ಅಲ್ಲಿಯವರೆಗೆ ಪ್ರತಿಯೊಬ್ಬರೂ ನನ್ನನ್ನು ಒಂದು ಕಡೆಗೆ ಎಳೆಯುತ್ತಿದ್ದರು, ನಾನು ಇನ್ನೊಂದು ಕಡೆಗೆ ಜಗ್ಗುತ್ತಿದ್ದೆ. ಎಳೆಯುವವರು ಹಗ್ಗ ಬಿಟ್ಟ ಮೇಲೆ ಜಗ್ಗುವುದಕ್ಕೆ ಏನೂ ಉಳಿಯಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ನಂಬುವುದು ಸುಲಭ ಎಂಬುದೂ ಅಂದೇ ತಿಳಿಯಿತು. ಮೂವತ್ತೊಂದು ವರ್ಷದಲ್ಲಿ ನಾನು ಆ ಮಾತನ್ನು ಎಷ್ಟು ಕಡಿಮೆ ಸಲ ಹೇಳಿದ್ದೆ!

ಹೊರಗೆ ಕಬ್ಬಿಣದ ಕುರ್ಚಿಯಲ್ಲಿ ಕೂತೆವು. ಪಕ್ಕದಲ್ಲಿ ಹಿರೇಹಡಗಲಿಯ ಕಡೆಯ ಒಬ್ಬ ಮುದುಕಿ, ಎದೆಗಡ್ಡೆಯ ರೋಗಿ, ಎಲೆ ಅಡಿಕೆಯ ಸಂಚಿ ಬಿಚ್ಚಿ, ಅದರೊಳಗಿಂದ ನನ್ನಂಥದ್ದೇ ಗುಳಿಗೆ ತೆಗೆದು ನುಂಗಿದಳು. ನಾನು ನೋಡುತ್ತಿದ್ದುದನ್ನು ಕಂಡು, “ಏನು ನೋಡ್ತೀಯಪಾ? ಇದು ಇದ್ದದ್ದಕ್ಕ ಈ ಸಲ ಮೊಮ್ಮಗಳ ಲಗ್ನದಾಗ ಪಂಕ್ತಿಗೆ ಕುಂತು ಉಂಡೆ,” ಎಂದಳು. ಸಂಚಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಗುಳಿಗಿ ತಂದೀಯೇನು?” ಎಂದು ಕೊಟ್ರಮ್ಮನನ್ನು ಕೇಳಿದೆ.

ಅವಳು ಚೀಲದಿಂದ ಪೊಟ್ಟಣ ತೆಗೆದಳು, ಆದರೆ ನನ್ನ ಕೈಗೆ ಕೊಡಲಿಲ್ಲ. ನಮ್ಮಿಬ್ಬರ ನಡುವಿನ ಖಾಲಿ ಕುರ್ಚಿಯ ಮೇಲೆ ಇಟ್ಟಳು. ನಾನೇ ಎತ್ತಿಕೊಂಡು, ಅರ್ಧ ಮುರಿದು, ಅವಳ ಬಾಟಲಿಯ ನೀರಿನಲ್ಲಿ ನುಂಗಿದೆ.

ಮುಂದಿನ ವಾರ ಆ ಗಟ್ಟಿ ಮೇಜಿನ ಮೇಲೆ ಅಲುಗಾಡದೆ ಮಲಗಿದೆ. ಐದು ದಿನ ರೇಡಿಯೇಶನ್ ಆಯಿತು. ನೋವು ಒಮ್ಮೆಲೇ ಹೋಗಲಿಲ್ಲ, ಎರಡು ಮೂರು ವಾರದಲ್ಲಿ ಹಂತಹಂತವಾಗಿ ಇಳಿಯಿತು. ಡಾಕ್ಟರಮ್ಮ ಗುಳಿಗೆಯನ್ನೂ ಹಾಗೇ ಹಂತಹಂತವಾಗಿ ಇಳಿಸಿದರು, ನಾಲ್ಕು ತಿಂಗಳ ಮೇಲೆ ಪೂರ್ತಿ ನಿಲ್ಲಿಸಿದರು. ಚಟ ಹತ್ತಲಿಲ್ಲ. ಮಂಜುನಾಥ ಒಂದು ಭಾನುವಾರ ಬಂದು, “ನಾನು ಹೇಳಿದ್ದರಿಂದ ನಿಮಗೆ ಭಾಳ ತ್ರಾಸಾತು ಮಾಮ,” ಎಂದು ತಲೆ ತಗ್ಗಿಸಿ ಕೂತ. ಅವನು ಅದನ್ನು ತೋರಿಸಿದ್ದು ನನ್ನ ಮೇಲಿನ ಪ್ರೀತಿಯಿಂದ. ಅದನ್ನು ಅವನಿಗೆ ಹೇಳಿದೆ. ಸುಮಾ ಈಗ ಬಂದರೆ ಹಾಸಿಗೆಯ ಮೇಲೆಯೇ ಕೂಡುತ್ತಾಳೆ.

ಇದೆಲ್ಲ ಆಗಿ ಎರಡು ವರ್ಷ. ಊರೊಳಗೆ ನಡೆದಾಡುತ್ತೇನೆ. ಯಾರಾದರೂ ಕರು ಮೇವು ಬಿಟ್ಟಿದೆ ಎಂದರೆ ಹೋಗಿ ನೋಡಿ, ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ.

ಕಳೆದ ತಿಂಗಳ ಸ್ಕ್ಯಾನಿನಲ್ಲಿ ಸೊಂಟದ ಎಲುಬಿನ ಒಂದು ಕಡೆ ಕಲೆ ಸ್ವಲ್ಪ ದೊಡ್ಡದಾಗಿ ಕಂಡಿತು. ಮಾತ್ರೆ ಬದಲಿಸಿದರು. ಕಾಯಿಲೆಯ ಸ್ವಭಾವವೇ ಹಾಗೆ, ಸ್ವಲ್ಪ ದಿನದ ಮೇಲೆ ಔಷಧಿಗೆ ಒಗ್ಗಿಕೊಳ್ಳುತ್ತದೆ ಎಂದರು. ಇಬ್ಬರೂ ಊರಿನ ಬಸ್ಸು ಹತ್ತಿದೆವು. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕೆಳಗಿಳಿದು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಅವಳ ಲೋಟ ತುಂಬಿದಂತೆಯೇ ಇತ್ತು.

“ಒಂದು ಮಾತು ಕೇಳ್ಲೇನ್ರೀ?”

“ಕೇಳು.”

“ನಾನು ಅವತ್ತು ಹಾಕಿದ್ನಲ್ಲ, ಅದರಿಂದನ ಏನು ಇದು?”

ಎರಡು ವರ್ಷ ಅವಳು ಆ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದಳು. ಅದನ್ನು ಅಲ್ಲಿ ಇಟ್ಟವನು ನಾನು. ಇಲ್ಲ ಎಂದು ಒಂದೇ ಏಟಿಗೆ ಹೇಳಿಬಿಡಬಹುದಿತ್ತು. ಆದರೆ ಸಮಾಧಾನಕ್ಕೆ ಹೇಳಿದ ಮಾತನ್ನು ಅವಳು ತಕ್ಷಣ ಗುರುತಿಸುತ್ತಾಳೆ.

“ಮೂರು ದಿನದ ಅರ್ಧ ಗುಳಿಗಿಗೆ ಎರಡು ವರ್ಷದ ಮ್ಯಾಲ ಇದು ಬರತೈತಿ ಅಂತ ನನಗ ಅನಿಸಂಗಿಲ್ಲ,” ಎಂದೆ. “ಅದಾದ ಮ್ಯಾಲ ನಾಲ್ಕು ತಿಂಗಳು ನಾನೇ ನುಂಗೀನಿ. ಅದರಿಂದ ಏನಾರ ಆತೋ ಇಲ್ಲೋ ಡಾಕ್ಟರಮ್ಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರೋದು ಒಂದೈತಿ. ಆ ಮೂರು ದಿನ ನಾನು ಮಲಗಿದ್ದೆ, ನೀನು ಎಚ್ಚರ ಇದ್ದಿ. ನೀರು ಹಾಕಿದಿ ಅಂತ ಅಂದೆ ನೋಡು, ಅದು ನನ್ನ ತಪ್ಪು. ಅದನ್ನ ಹೇಳಾಕ ನನಗ ಇಷ್ಟು ದಿನ ಬೇಕಾತು.”

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಚಹಾವನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಗುಟುಕಿಗೆ ಕುಡಿದಳು, ಅದು ಅಷ್ಟೊತ್ತಿಗೆ ತಣ್ಣಗಾಗಿತ್ತು.

ಕಂಡಕ್ಟರ್ ಸೀಟಿ ಊದಿದ.

“ಏಳ್ರಿ, ಬಸ್ಸು ಬಿಡ್ತಾರ,” ಎಂದಳು.

ಯಾರ ಆಸರೆಯೂ ಇಲ್ಲದೆ ಎದ್ದೆ. ಬಾಗಿಲವರೆಗೆ ಚೆನ್ನಾಗಿಯೇ ನಡೆದೆ. ಮೆಟ್ಟಿಲ ಹತ್ತಿರ ನಿಂತು, ಹತ್ತುವುದು ನನಗೇನೂ ಕಷ್ಟವಿರಲಿಲ್ಲ, ಆದರೂ ಅವಳ ಕಡೆ ಕೈ ಚಾಚಿದೆ.